ಬಾಗಿಲು ಬದಲಾದರೆ ಕಾನೂನೂ ಬದಲು: ಅಮೆರಿಕದಲ್ಲಿ ಅಂಗವಿಕಲರ ಹಕ್ಕುಗಳು

ಟೆನ್ನೆಸೀ ರಾಜ್ಯದ ಪೋಲ್ಕ್ ಕೌಂಟಿಯ ನ್ಯಾಯಾಲಯದ ಕಟ್ಟಡಕ್ಕೆ ಲಿಫ್ಟ್ ಇರಲಿಲ್ಲ. ಗಾಲಿಕುರ್ಚಿ ಬಳಸುತ್ತಿದ್ದ ಜಾರ್ಜ್ ಲೇನ್ ಎಂಬವರು ತಮ್ಮ ಮೇಲಿದ್ದ ಒಂದು ಮೊಕದ್ದಮೆಗಾಗಿ ಅಲ್ಲಿ ಹಾಜರಾಗಬೇಕಿತ್ತು. ಮೊದಲ ಸಲ ಅವರು ಕುರ್ಚಿಯನ್ನು ಕೆಳಗೇ ಬಿಟ್ಟು, ಎರಡು ಸಾಲು ಮೆಟ್ಟಿಲುಗಳನ್ನು ತೆವಳಿಕೊಂಡು ಹತ್ತಿ ನ್ಯಾಯಾಧೀಶರ ಮುಂದೆ ಹೋದರು. ಎರಡನೆಯ ಸಲ, ತಾನು ತೆವಳುವುದೂ ಇಲ್ಲ, ಪೊಲೀಸರು ಎತ್ತಿಕೊಂಡು ಹೋಗಲು ಬಿಡುವುದೂ ಇಲ್ಲ ಎಂದರು. ಗೈರುಹಾಜರಾದ ಆರೋಪದ ಮೇಲೆ ಅವರನ್ನು ಬಂಧಿಸಿ ಜೈಲಿಗೆ ಹಾಕಲಾಯಿತು. ಕರೆದ ದಿನ, ಕರೆದ ಕಟ್ಟಡಕ್ಕೆ ಬಂದು ಕೆಳಗಿನ ಅಂತಸ್ತಿನಲ್ಲಿ ಕುಳಿತಿದ್ದ ಮನುಷ್ಯ ಸರ್ಕಾರದ ದಾಖಲೆಯಲ್ಲಿ ಗೈರುಹಾಜರಿ. ಲೇನ್ ಹೂಡಿದ ದಾವೆ ಸುಪ್ರೀಂ ಕೋರ್ಟಿನವರೆಗೆ ಹೋಗಿ, 2004ರಲ್ಲಿ 5-4ರ ಬಹುಮತದಿಂದ ಅವರ ಪರವಾಗಿ ತೀರ್ಮಾನವಾಯಿತು: ನ್ಯಾಯಾಲಯವನ್ನು ತಲುಪುವ ಹಕ್ಕಿಗೆ ಅಡ್ಡಿಯಾದರೆ ಅಂಗವಿಕಲ ಪ್ರಜೆ ತನ್ನ ರಾಜ್ಯದ ಮೇಲೆಯೇ ಪರಿಹಾರಕ್ಕಾಗಿ ದಾವೆ ಹೂಡಬಹುದು.

ಲೇನ್ ಅವರಿಗೆ ನೆರವಾದದ್ದು 1990ರ ‘ಅಮೆರಿಕನ್ಸ್ ವಿತ್ ಡಿಸಬಿಲಿಟೀಸ್ ಆ್ಯಕ್ಟ್’ (ಚಿಕ್ಕದಾಗಿ ಎಡಿಎ) ಕಾಯ್ದೆಯ ಎರಡನೆಯ ಭಾಗ. ಅದು ರಾಜ್ಯ ಮತ್ತು ಸ್ಥಳೀಯ ಸರ್ಕಾರಗಳಿಗೆ ಅನ್ವಯಿಸುತ್ತದೆ. ಅದೇ ಕುರ್ಚಿಯಲ್ಲಿ ಕುಳಿತ ಅದೇ ಮನುಷ್ಯ ನ್ಯಾಯಾಲಯದಿಂದ ಹೊರಬಂದು ಪಕ್ಕದ ಹೋಟೆಲಿಗೆ ಹೋದರೆ ಅಲ್ಲಿ ನಡೆಯುವುದು ಆ ಕಾಯ್ದೆಯ ಮೂರನೆಯ ಭಾಗ. ಬಾಡಿಗೆ ಮನೆ ಹುಡುಕಲು ಹೋದರೆ ಬೇರೆಯೇ ಕಾಯ್ದೆ, ವಿಮಾನ ಹತ್ತಿದರೆ ಇನ್ನೊಂದು, ಮಗಳನ್ನು ಶಾಲೆಗೆ ಸೇರಿಸಿದರೆ ಮತ್ತೊಂದು. ಅಮೆರಿಕದ ಫೆಡರಲ್ ಸರ್ಕಾರದಲ್ಲಿ, ಎಂದರೆ ವಾಷಿಂಗ್ಟನ್ನಿನ ಕೇಂದ್ರ ಸರ್ಕಾರದಲ್ಲಿ, ಅಂಗವಿಕಲರ ಎಲ್ಲ ಹಕ್ಕುಗಳನ್ನೂ ಒಂದೆಡೆ ಸೇರಿಸಿಟ್ಟ ಒಂದೇ ಗ್ರಂಥ ಇಲ್ಲ. ಅಲ್ಲಿ ವಾಸವಾಗಿರುವ ಕನ್ನಡ ಕುಟುಂಬಗಳಲ್ಲಿ ಹಲವರು ತಪ್ಪು ಕಚೇರಿಯ ಮುಂದೆ ನಿಂತು ತಿಂಗಳುಗಳನ್ನು ಕಳೆದುಕೊಳ್ಳುವುದು ಈ ಕಾರಣದಿಂದಲೇ. ಆದ್ದರಿಂದ ಯಾವ ಅಡ್ಡಿ ಎದುರಾದರೂ ಮೊದಲು ಕೇಳಬೇಕಾದ ಪ್ರಶ್ನೆ, ‘ಈ ಬಾಗಿಲು ಯಾರದು?’ ಎಂಬುದು.

ಅಂಗವಿಕಲರು ಯಾರು?

ನಮ್ಮಲ್ಲಿ ಈ ಪ್ರಶ್ನೆಗೆ ಉತ್ತರ ಪ್ರಮಾಣಪತ್ರದಲ್ಲಿರುತ್ತದೆ. ಭಾರತದ 2016ರ ಕಾಯ್ದೆ 21 ಬಗೆಯ ಅಂಗವೈಕಲ್ಯಗಳನ್ನು ಹೆಸರಿಸಿದೆ; ಮೀಸಲಾತಿಯಂಥ ಸೌಲಭ್ಯಗಳಿಗೆ ವೈದ್ಯಕೀಯ ಪ್ರಾಧಿಕಾರ ಕನಿಷ್ಠ ಶೇ. 40 ಎಂದು ಬರೆದುಕೊಡಬೇಕು. ಈ ಲೆಕ್ಕಾಚಾರ ತಲೆಯಲ್ಲಿಟ್ಟುಕೊಂಡು ಅಮೆರಿಕಕ್ಕೆ ಹೋದವರು, ಅಲ್ಲಿಯೂ ಮೊದಲು ಒಂದು ಕಾರ್ಡು ಮಾಡಿಸಿಕೊಳ್ಳಬೇಕೆಂದು ತಿಳಿಯುತ್ತಾರೆ. ಅಲ್ಲಿನ ನಾಗರಿಕ ಹಕ್ಕುಗಳ ಕಾಯ್ದೆಗಳಲ್ಲಿ ಶೇಕಡಾವಾರು ಲೆಕ್ಕವೂ ಇಲ್ಲ, ಕಾರ್ಡೂ ಇಲ್ಲ. ನಡೆಯುವುದು, ನೋಡುವುದು, ಕೇಳುವುದು, ಓದುವುದು, ಉಸಿರಾಡುವುದು, ಏಕಾಗ್ರತೆಯಿಂದ ಕೆಲಸ ಮಾಡುವುದು ಮುಂತಾದ ಬದುಕಿನ ಮುಖ್ಯ ಚಟುವಟಿಕೆಗಳಲ್ಲಿ ಒಂದನ್ನಾದರೂ ಗಣನೀಯವಾಗಿ ಮಿತಿಗೊಳಿಸುವ ದೈಹಿಕ ಅಥವಾ ಮಾನಸಿಕ ಕೊರತೆ ಇದ್ದರೆ ಸಾಕು. ಹಿಂದೆ ಅಂಥ ಕೊರತೆ ಇದ್ದು ಈಗ ಗುಣವಾದವರಿಗೂ ರಕ್ಷಣೆಯಿದೆ. ಕೊರತೆ ಇದೆಯೆಂದು ಭಾವಿಸಿ ಯಾರನ್ನಾದರೂ ದೂರವಿಟ್ಟರೆ, ನಿಜಕ್ಕೂ ಅದು ಇಲ್ಲದಿದ್ದರೂ, ತಾರತಮ್ಯಕ್ಕೆ ಗುರಿಯಾದವರಿಗೆ ರಕ್ಷಣೆಯಿದೆ.

ಈ ವಿಶಾಲ ವ್ಯಾಖ್ಯಾನವನ್ನು ಸುಪ್ರೀಂ ಕೋರ್ಟ್ ಒಮ್ಮೆ ತುಂಬಾ ಕಿರಿದು ಮಾಡಿಬಿಟ್ಟಿತ್ತು. ತೀವ್ರ ಸಮೀಪದೃಷ್ಟಿಯಿದ್ದ ಅವಳಿ ಸಹೋದರಿಯರು ಪೈಲಟ್ ಹುದ್ದೆಗೆ ಅರ್ಜಿ ಹಾಕಿದಾಗ, ಕನ್ನಡಕವಿಲ್ಲದ ದೃಷ್ಟಿ ಸಾಲದೆಂದು ವಿಮಾನಯಾನ ಸಂಸ್ಥೆ ನಿರಾಕರಿಸಿತು. ಕನ್ನಡಕ ಹಾಕಿಕೊಂಡರೆ ಚೆನ್ನಾಗಿ ಕಾಣುವುದರಿಂದ ನೀವು ಅಂಗವಿಕಲರೇ ಅಲ್ಲ ಎಂದು 1999ರಲ್ಲಿ ನ್ಯಾಯಾಲಯ ಹೇಳಿತು. ಇದರ ಪರಿಣಾಮ ಮೂರ್ಛೆರೋಗಕ್ಕೆ, ಮಧುಮೇಹಕ್ಕೆ ಔಷಧ ತೆಗೆದುಕೊಳ್ಳುತ್ತಿದ್ದವರ ಮೇಲೂ ಆಯಿತು. ಕಾಯಿಲೆಯ ನೆಪದಲ್ಲಿ ಅವರನ್ನು ಕೆಲಸದಿಂದ ತೆಗೆಯಬಹುದಿತ್ತು. ಔಷಧದಿಂದ ಹತೋಟಿಯಲ್ಲಿದ್ದೀರಿ ಎಂಬ ಕಾರಣಕ್ಕೆ ಕಾನೂನಿನ ರಕ್ಷಣೆ ಮಾತ್ರ ಸಿಗುತ್ತಿರಲಿಲ್ಲ. ಅಮೆರಿಕದ ಸಂಸತ್ತಾದ ಕಾಂಗ್ರೆಸ್ 2008ರಲ್ಲಿ ತಿದ್ದುಪಡಿ ತಂದು ಇದನ್ನು ಸರಿಪಡಿಸಿತು: ಔಷಧ, ಶ್ರವಣಯಂತ್ರ, ಕೃತಕ ಕಾಲು ಮೊದಲಾದವುಗಳಿಂದ ಸಿಗುವ ನೆರವನ್ನು ಬದಿಗಿಟ್ಟು ಅಳೆಯಬೇಕು. ಸಾಮಾನ್ಯ ಕನ್ನಡಕ, ಕಾಂಟ್ಯಾಕ್ಟ್ ಲೆನ್ಸ್‌ಗಳು ಮಾತ್ರ ಇದಕ್ಕೆ ಅಪವಾದ.

ಒಂದು ವಾಕ್ಯ, ವಾರಗಟ್ಟಲೆ ಧರಣಿ

ಕಾಲಕ್ರಮದಲ್ಲಿ ಮೊದಲು ಬಂದದ್ದು ಕಟ್ಟಡಗಳ ಕಾನೂನು. ಫೆಡರಲ್ ಹಣದಲ್ಲಿ ಕಟ್ಟುವ ಕಟ್ಟಡಗಳು ಎಲ್ಲರಿಗೂ ಪ್ರವೇಶಸಾಧ್ಯವಾಗಿರಬೇಕೆಂದು 1968ರ ಕಾಯ್ದೆ ಹೇಳಿತು. ಆದರೆ ಹಕ್ಕು ಎಂಬ ಮಾತು ನಿಜವಾಗಿ ಹುಟ್ಟಿದ್ದು 1973ರ ಪುನರ್ವಸತಿ ಕಾಯ್ದೆಯ 504ನೇ ಸೆಕ್ಷನ್ನಿನಲ್ಲಿ. ಅದರ ತಿರುಳು ಇಷ್ಟೇ: ಫೆಡರಲ್ ಹಣಕಾಸಿನ ನೆರವು ಪಡೆಯುವ ಯಾವುದೇ ಕಾರ್ಯಕ್ರಮದಿಂದ, ಅರ್ಹತೆಯುಳ್ಳ ವ್ಯಕ್ತಿಯನ್ನು ಕೇವಲ ಅಂಗವೈಕಲ್ಯದ ಕಾರಣಕ್ಕೆ ಹೊರಗಿಡುವಂತಿಲ್ಲ. ಸರ್ಕಾರಿ ಶಾಲೆಗಳು, ಬಹುಪಾಲು ವಿಶ್ವವಿದ್ಯಾಲಯಗಳು, ಆಸ್ಪತ್ರೆಗಳು, ನಗರ ಸಾರಿಗೆ ಎಲ್ಲವೂ ವಾಷಿಂಗ್ಟನ್ನಿನ ಹಣ ಪಡೆಯುವುದರಿಂದ ಆ ಒಂದು ವಾಕ್ಯ ಬಹುದೂರ ಹರಡುವಂಥದ್ದಾಗಿತ್ತು.

ಅದನ್ನು ಜಾರಿಗೆ ತರುವ ನಿಯಮಗಳಿಗೆ ಮಾತ್ರ ಯಾರೂ ಸಹಿ ಹಾಕಲಿಲ್ಲ. ನಾಲ್ಕು ವರ್ಷ ಹಾಗೆಯೇ ಕಳೆಯಿತು. 1977ರ ಏಪ್ರಿಲ್ 5ರಂದು ಸ್ಯಾನ್ ಫ್ರಾನ್ಸಿಸ್ಕೋದ ಆರೋಗ್ಯ, ಶಿಕ್ಷಣ ಮತ್ತು ಕಲ್ಯಾಣ ಇಲಾಖೆಯ ಕಚೇರಿಗೆ ನುಗ್ಗಿದ ಸುಮಾರು 150 ಮಂದಿ ಅಲ್ಲಿಯೇ ಕುಳಿತುಬಿಟ್ಟರು. ಪೋಲಿಯೊದಿಂದ ಗಾಲಿಕುರ್ಚಿ ಹಿಡಿದಿದ್ದ ಜೂಡಿ ಹ್ಯೂಮನ್ ಈ ಗುಂಪಿನ ಮುಂದಾಳುಗಳಲ್ಲಿ ಒಬ್ಬರು. ಅಧಿಕಾರಿಗಳು ದೂರವಾಣಿಯನ್ನು ಕಡಿತಗೊಳಿಸಿದಾಗ, ಒಳಗಿದ್ದ ಕಿವುಡರು ಕಿಟಕಿಯ ಬಳಿ ನಿಂತು ಹೊರಗಿನವರಿಗೆ ಸಂಜ್ಞಾಭಾಷೆಯಲ್ಲಿ ಸುದ್ದಿ ಮುಟ್ಟಿಸಿದರು. ಕಪ್ಪು ಜನರ ಹಕ್ಕುಗಳಿಗಾಗಿ ಹೋರಾಡುತ್ತಿದ್ದ ಬ್ಲ್ಯಾಕ್ ಪ್ಯಾಂಥರ್ ಪಕ್ಷದವರು ಬಿಸಿಯೂಟ ತಂದುಕೊಟ್ಟರು. ರಾತ್ರಿ ಮಗ್ಗುಲು ಬದಲಿಸಲೂ ಇನ್ನೊಬ್ಬರ ಕೈ ಬೇಕಾಗಿದ್ದವರು, ಸಹಾಯಕರನ್ನೂ ಔಷಧಗಳನ್ನೂ ಬಿಟ್ಟು ಕಚೇರಿಯ ನೆಲದ ಮೇಲೆ ವಾರಗಟ್ಟಲೆ ಮಲಗಿದ್ದರು ಎಂಬುದನ್ನು ನೆನೆದಾಗ, ಈ ಹಕ್ಕು ಯಾರೋ ದಯೆಯಿಂದ ಕೊಟ್ಟದ್ದಲ್ಲವೆಂದು ಮನಸ್ಸಿಗೆ ನಾಟುತ್ತದೆ. ಏಪ್ರಿಲ್ 28ರಂದು ಇಲಾಖೆಯ ಕಾರ್ಯದರ್ಶಿ ಜೋಸೆಫ್ ಕ್ಯಾಲಿಫಾನೊ ಸಹಿ ಹಾಕಿದರು.

ಶಾಲೆಯ ಬಾಗಿಲು

ಕನ್ನಡ ಕುಟುಂಬಗಳಿಗೆ ಅತಿ ಹತ್ತಿರವಾದದ್ದು ಶಿಕ್ಷಣದ ಕಾನೂನು. ಆದ್ದರಿಂದ ಇಲ್ಲಿ ಸ್ವಲ್ಪ ಹೊತ್ತು ನಿಲ್ಲಬೇಕು. 1975ರಲ್ಲಿ ಅಧ್ಯಕ್ಷ ಫೋರ್ಡ್ ಸಹಿ ಹಾಕಿದ ಕಾಯ್ದೆಗೆ ಈಗಿನ ಹೆಸರು ‘ಇಂಡಿವಿಜುವಲ್ಸ್ ವಿತ್ ಡಿಸಬಿಲಿಟೀಸ್ ಎಜುಕೇಶನ್ ಆ್ಯಕ್ಟ್’, ಚಿಕ್ಕದಾಗಿ ಐಡಿಇಎ. ಆ ಹೊತ್ತಿಗೆ 10 ಲಕ್ಷ ಅಂಗವಿಕಲ ಮಕ್ಕಳು ಸರ್ಕಾರಿ ಶಾಲೆಗಳಿಂದ ಪೂರ್ತಿ ಹೊರಗಿದ್ದಾರೆಂದು ಕಾಂಗ್ರೆಸ್ ಕಂಡುಕೊಂಡಿತ್ತು. ಕಾಯ್ದೆ ಕೊಟ್ಟ ಭರವಸೆ, 3ರಿಂದ 21ನೇ ವಯಸ್ಸಿನವರೆಗೆ ಪ್ರತಿ ಅಂಗವಿಕಲ ಮಗುವಿಗೂ ಉಚಿತ ಮತ್ತು ತಕ್ಕುದಾದ ಸಾರ್ವಜನಿಕ ಶಿಕ್ಷಣ, ಅದೂ ಸಾಧ್ಯವಾದಷ್ಟು ಮಟ್ಟಿಗೆ ಉಳಿದ ಮಕ್ಕಳ ಜೊತೆಯಲ್ಲೇ. 3 ವರ್ಷದೊಳಗಿನ ಶಿಶುಗಳಿಗೆ ಇದೇ ಕಾಯ್ದೆಯಡಿ ಬೇರೆ ಸೇವೆಗಳಿವೆ.

ವಲಸೆಯ ಸ್ಥಿತಿಗತಿಯನ್ನು ಕಾಯ್ದೆ ಕೇಳುವುದಿಲ್ಲ. ಎಚ್-4 ಎಂಬ ಅವಲಂಬಿತರ ವೀಸಾದಲ್ಲಿ ತಾಯಿಯ ಕೈಹಿಡಿದು ಬಂದ ಮಗುವಿಗೂ ಅಲ್ಲೇ ಹುಟ್ಟಿದ ಮಗುವಿಗೂ ಹಕ್ಕು ಒಂದೇ. ಪೋಷಕರು ಮೌಲ್ಯಮಾಪನ ಮಾಡಿರೆಂದು ಶಾಲೆಗೆ ಲಿಖಿತವಾಗಿ ಕೇಳಬಹುದು. ಶಾಲೆ ಒಪ್ಪಬೇಕು, ಇಲ್ಲವೇ ಏಕೆ ಒಪ್ಪುವುದಿಲ್ಲವೆಂದು ಲಿಖಿತವಾಗಿಯೇ ತಿಳಿಸಬೇಕು. ಪೋಷಕರು ಒಪ್ಪಿಗೆಯ ಸಹಿ ಹಾಕಿದ 60 ದಿನಗಳಲ್ಲಿ, ಅಥವಾ ರಾಜ್ಯವೇ ಬೇರೆ ಗಡುವು ಇಟ್ಟಿದ್ದರೆ ಅದರೊಳಗೆ, ಮೌಲ್ಯಮಾಪನ ಮುಗಿಯಬೇಕು. ಮಗು ಅರ್ಹವೆಂದು ಕಂಡುಬಂದ 30 ದಿನಗಳೊಳಗೆ ಸಭೆ ಸೇರಿ, ಆ ಒಂದು ಮಗುವಿಗಾಗಿಯೇ ರೂಪಿಸಿದ ಶಿಕ್ಷಣ ಯೋಜನೆಯನ್ನು ಬರೆಯಬೇಕು. ಎಲ್ಲರ ಬಾಯಲ್ಲೂ ಅದು ‘ಐಇಪಿ’. ವಾರಕ್ಕೆ ಎಷ್ಟು ನಿಮಿಷ ವಾಕ್ ಚಿಕಿತ್ಸೆ, ಯಾವ ಕೋಣೆಯಲ್ಲಿ, ವರ್ಷದ ಕೊನೆಗೆ ಮಗು ಏನು ಮಾಡಬಲ್ಲದಾಗಬೇಕು, ಅದನ್ನು ಅಳೆಯುವುದು ಹೇಗೆ ಎಂಬುದೆಲ್ಲ ಅದರಲ್ಲಿರಬೇಕು. ವರ್ಷಕ್ಕೊಮ್ಮೆಯಾದರೂ ಅದನ್ನು ಮರಳಿ ನೋಡಬೇಕು.

ಅಂಥ ಒಂದು ಸಭೆಯಲ್ಲಿ ನಾನು ದುಭಾಷಿಯಾಗಿ ಕುಳಿತಿದ್ದೆ. ಮೇಜಿನ ಒಂದು ಬದಿಯಲ್ಲಿ ಶಾಲೆಯ ಕಡೆಯ ಆರು ಮಂದಿ, ಇನ್ನೊಂದು ಬದಿಯಲ್ಲಿ ಹಾಸನದ ಕಡೆಯಿಂದ ಬಂದ ತಾಯಿ ಮತ್ತು ಅಜ್ಜಿ. ನಾಲ್ಕು ವರ್ಷದ ಹುಡುಗನಿಗೆ ಇಂಗ್ಲಿಷಿನಲ್ಲಿ ಚಿತ್ರಗಳನ್ನು ತೋರಿಸಿ ಹೆಸರು ಕೇಳಿದ್ದರು, ಅವನು ಸುಮ್ಮನಿದ್ದ. ವರದಿಯಲ್ಲಿ ಅಂಕ ತೀರಾ ಕಡಿಮೆ ಬಂದಿತ್ತು. ಅಜ್ಜಿ ಕೈಚೀಲದಿಂದ ಒಂದು ಸೌಟು ತೆಗೆದು, ‘ಇದೇನು ಪುಟ್ಟ?’ ಎಂದಾಗ ಅವನು ‘ಸಾರಿಂದು’ ಎಂದ. ಎರಡು ಪದ ಸೇರಿಸಿ ಮಾತಾಡಲು ಅವನಿಗೆ ನಿಜವಾಗಿಯೂ ಕಷ್ಟವಿತ್ತು, ನೆರವು ಬೇಕೇ ಬೇಕಿತ್ತು. ಆದರೆ ವರದಿ ಹೇಳಿದಷ್ಟು ಹಿಂದೆ ಅವನಿರಲಿಲ್ಲ. ಐಡಿಇಎ ಈ ವಿಷಯವನ್ನು ಮೊದಲೇ ಯೋಚಿಸಿದೆ. ಸ್ಪಷ್ಟವಾಗಿ ಅಸಾಧ್ಯವಾದ ಹೊರತು ಪರೀಕ್ಷೆಯನ್ನು ಮಗುವಿನ ಮನೆಮಾತಿನಲ್ಲಿ ನಡೆಸಬೇಕು. ಇಂಗ್ಲಿಷ್ ಬರುವುದಿಲ್ಲವೆಂಬುದನ್ನೇ ಅಂಗವೈಕಲ್ಯದ ನಿರ್ಣಾಯಕ ಕಾರಣವಾಗಿ ಎಣಿಸಬಾರದು. ಇಂಗ್ಲಿಷ್ ಮನೆಮಾತಲ್ಲದ ಪೋಷಕರಿಗೆ ಸಭೆಯ ನಡಾವಳಿ ಅರ್ಥವಾಗುವಂತೆ ದುಭಾಷಿಯ ವ್ಯವಸ್ಥೆಯನ್ನೂ ಶಾಲೆಯೇ ಮಾಡಬೇಕು. ಕನ್ನಡಕ್ಕೂ ಇದು ಅನ್ವಯಿಸುತ್ತದೆ. ನಮ್ಮವರು ಸಂಕೋಚದಿಂದ ‘ಪರವಾಗಿಲ್ಲ, ಇಂಗ್ಲಿಷ್ ಅರ್ಥವಾಗುತ್ತದೆ’ ಎಂದುಬಿಡುತ್ತಾರೆ. ಕಚೇರಿಯ ಇಂಗ್ಲಿಷ್ ಬೇರೆ, ಮಗುವಿನ ನರವಿಕಾಸದ ವರದಿಯ ಇಂಗ್ಲಿಷ್ ಬೇರೆ. ಕೇಳುವುದರಲ್ಲಿ ಯಾವ ಅವಮಾನವೂ ಇಲ್ಲ.

ಶಾಲೆ ಎಷ್ಟು ಕೊಡಬೇಕು ಎಂಬುದು ಇಲ್ಲಿನ ಹಳೆಯ ಜಗಳ. ಒಬ್ಬ ಕಿವುಡ ಬಾಲಕಿಯ ಪ್ರಕರಣದಲ್ಲಿ 1982ರಲ್ಲಿ ಸುಪ್ರೀಂ ಕೋರ್ಟ್, ಮಗುವಿಗೆ ಒಂದಷ್ಟು ಶೈಕ್ಷಣಿಕ ಪ್ರಯೋಜನ ಆದರೆ ಸಾಕೆಂಬಂತೆ ಹೇಳಿತ್ತು. ಅದನ್ನು ಹಿಡಿದುಕೊಂಡು ಹಲವು ಶಾಲೆಗಳು ಎಳ್ಳಷ್ಟು ಪ್ರಗತಿಯನ್ನೇ ಸಾಧನೆಯೆಂದು ತೋರಿಸುತ್ತಿದ್ದವು. ಕೊಲರಾಡೋದ ಆಟಿಸಂ ಇದ್ದ ಹುಡುಗನೊಬ್ಬನ ಯೋಜನೆಯಲ್ಲಿ ವರ್ಷದಿಂದ ವರ್ಷಕ್ಕೆ ಬಹುಪಾಲು ಅದೇ ಗುರಿಗಳು ಮರಳಿ ಬರುತ್ತಿದ್ದವು. ಆ ಪ್ರಕರಣದಲ್ಲಿ 2017ರಲ್ಲಿ ಸುಪ್ರೀಂ ಕೋರ್ಟ್ ಸರ್ವಾನುಮತದಿಂದ, ಯೋಜನೆ ಆ ಮಗುವಿನ ಪರಿಸ್ಥಿತಿಗೆ ತಕ್ಕಂತೆ ಮಹತ್ವಾಕಾಂಕ್ಷೆಯುಳ್ಳದ್ದಾಗಿರಬೇಕು ಎಂದಿತು. ಕಳೆದ ವರ್ಷದ ಐಇಪಿಯನ್ನೂ ಈ ವರ್ಷದ್ದನ್ನೂ ಪಕ್ಕಪಕ್ಕದಲ್ಲಿಟ್ಟು ಗುರಿಗಳನ್ನು ಹೋಲಿಸಿ ನೋಡುವುದು ಪೋಷಕರು ಮಾಡಬಹುದಾದ ಅತಿ ಸರಳವಾದ, ಅತಿ ಪರಿಣಾಮಕಾರಿಯಾದ ಕೆಲಸ. ಒಪ್ಪಿಗೆಯಾಗದಿದ್ದರೆ ಸಾಮಾನ್ಯವಾಗಿ 2 ವರ್ಷಗಳೊಳಗೆ ವಿಚಾರಣೆ ಕೇಳಬಹುದು. ವಿವಾದ ಮುಗಿಯುವವರೆಗೂ ಮಗುವನ್ನು ಈಗಿರುವ ವ್ಯವಸ್ಥೆಯಿಂದ ಕದಲಿಸುವಂತಿಲ್ಲ.

ವಿಶೇಷ ಬೋಧನೆ ಬೇಕಿಲ್ಲದ, ಆದರೆ ಇನ್ಸುಲಿನ್‌ಗೋ ಪರೀಕ್ಷೆಯಲ್ಲಿ ಹೆಚ್ಚುವರಿ ಸಮಯಕ್ಕೋ ವ್ಯವಸ್ಥೆ ಬೇಕಾದ ಮಗುವಿಗೆ ಐಡಿಇಎ ಅಲ್ಲ, ಹಿಂದೆ ಹೇಳಿದ 504 ನೆರವಾಗುತ್ತದೆ. ಇನ್ನು ಕಾಲೇಜಿನ ಹೊಸ್ತಿಲು ದಾಟಿದರೆ ಐಡಿಇಎ ಪೂರ್ತಿ ನಿಂತುಹೋಗುತ್ತದೆ. ಸ್ನಾತಕೋತ್ತರ ಪದವಿಗೆಂದು ಬೆಂಗಳೂರಿನಿಂದಲೋ ಹುಬ್ಬಳ್ಳಿಯಿಂದಲೋ ಹೋಗುವ ವಿದ್ಯಾರ್ಥಿಗಳು ಇದನ್ನು ನೆನಪಿಡಬೇಕು: ಅಲ್ಲಿ ಯಾರೂ ತಾವಾಗಿ ಹುಡುಕಿಕೊಂಡು ಬರುವುದಿಲ್ಲ. ವಿಶ್ವವಿದ್ಯಾಲಯದ ಅಂಗವೈಕಲ್ಯ ಸೇವಾ ಕಚೇರಿಗೆ ವಿದ್ಯಾರ್ಥಿಯೇ ಹೋಗಿ, ದಾಖಲೆ ಕೊಟ್ಟು, ಸೆಮಿಸ್ಟರಿನ ಆರಂಭದಲ್ಲೇ ಕೇಳಬೇಕು. ಪರೀಕ್ಷೆಯಲ್ಲಿ ಫೇಲಾದ ಮೇಲೆ ಕೇಳಿದರೆ ಹಿಂದಿನ ಅಂಕಗಳು ಬದಲಾಗುವುದು ಕಷ್ಟ.

ಅಂಗಡಿ, ಕಚೇರಿ, ಮನೆ, ವಿಮಾನ

1990ರ ಮಾರ್ಚ್ 12ರಂದು ಸುಮಾರು 60 ಮಂದಿ ಅಂಗವಿಕಲರು ವಾಷಿಂಗ್ಟನ್ನಿನ ಸಂಸತ್ ಭವನದ ಮುಂದೆ ಗಾಲಿಕುರ್ಚಿ, ಊರುಗೋಲುಗಳನ್ನು ಬಿಟ್ಟು ಮೆಟ್ಟಿಲುಗಳನ್ನು ತೆವಳಿಕೊಂಡು ಹತ್ತಿದರು. ಅವರಲ್ಲಿ ಎಂಟು ವರ್ಷದ ಒಬ್ಬ ಹುಡುಗಿಯೂ ಇದ್ದಳು. ಅದೇ ವರ್ಷದ ಜುಲೈ 26ರಂದು ಅಧ್ಯಕ್ಷ ಜಾರ್ಜ್ ಎಚ್. ಡಬ್ಲ್ಯು. ಬುಷ್ ಸಹಿ ಹಾಕಿದ ಎಡಿಎ, 504 ತಲುಪದಿದ್ದ ಕಡೆಗೂ ಹಕ್ಕನ್ನು ಒಯ್ದಿತು. ಫೆಡರಲ್ ಹಣ ಒಂದು ಡಾಲರೂ ಪಡೆಯದ ಹೋಟೆಲು, ಚಿತ್ರಮಂದಿರ, ದಂತವೈದ್ಯರ ಕ್ಲಿನಿಕ್ಕು, ಖಾಸಗಿ ಕಂಪನಿ ಎಲ್ಲವೂ ಅದರ ವ್ಯಾಪ್ತಿಗೆ ಬಂದವು. 1993ರ ಜನವರಿ 26ರ ನಂತರ ಬಳಕೆಗೆ ಬರುವ ಹೊಸ ಕಟ್ಟಡಗಳಿಗೆ ಇಂಚಿಂಚಿನ ಲೆಕ್ಕವಿದೆ: ಒಂದು ಅಡಿ ಎತ್ತರಕ್ಕೆ ಇಳಿಜಾರು ಕನಿಷ್ಠ 12 ಅಡಿ ಉದ್ದವಿರಬೇಕು, ತೆರೆದ ಬಾಗಿಲಿನಲ್ಲಿ ಕನಿಷ್ಠ 32 ಇಂಚು ಜಾಗ ಉಳಿಯಬೇಕು. ಹಳೆಯ ಅಂಗಡಿಗಳು ಹೆಚ್ಚು ಖರ್ಚಿಲ್ಲದೆ ಸುಲಭವಾಗಿ ತೆಗೆಯಬಹುದಾದ ಅಡೆತಡೆಗಳನ್ನು ತೆಗೆಯಬೇಕು.

ಧಾರ್ಮಿಕ ಸಂಸ್ಥೆಗಳಿಗೆ ಈ ಮೂರನೆಯ ಭಾಗದಿಂದ ವಿನಾಯಿತಿಯಿದೆ. ಎಂದರೆ ನಮ್ಮ ದೇವಸ್ಥಾನಗಳಿಗೂ. ಕಾನೂನು ಒತ್ತಾಯಿಸುವುದಿಲ್ಲವೆಂದು ಗರ್ಭಗುಡಿಯ ಮುಂದಿನ ಮೂರು ಮೆಟ್ಟಿಲುಗಳನ್ನು ಹಾಗೇ ಬಿಡುವ ಆಡಳಿತ ಮಂಡಳಿಗಳ ಬಗ್ಗೆ ನನಗೆ ನೋವಿದೆ. ಕೈಕಾಲು ಗಟ್ಟಿಯಿದ್ದಾಗ ಆ ಗುಡಿ ಕಟ್ಟಲು ದುಡಿದವರೇ ಈಗ ಹೊರಗಿನ ಕುರ್ಚಿಯಿಂದ ಮಂಗಳಾರತಿ ನೋಡುತ್ತಿದ್ದಾರೆ.

ಉದ್ಯೋಗದ ಭಾಗ 15 ಅಥವಾ ಹೆಚ್ಚು ನೌಕರರಿರುವ ಸಂಸ್ಥೆಗಳಿಗೆ ಅನ್ವಯಿಸುತ್ತದೆ. ಕೆಲಸ ಕೊಡುತ್ತೇವೆಂದು ಹೇಳುವ ಮೊದಲು ಅಂಗವೈಕಲ್ಯದ ಬಗ್ಗೆ ಕೇಳುವಂತಿಲ್ಲ; ಕೆಲಸವನ್ನು ಮಾಡಬಲ್ಲಿರಾ ಎಂದಷ್ಟೇ ಕೇಳಬಹುದು. ಸೇರಿದ ಮೇಲೆ ನೌಕರರು ‘ರೀಸನಬಲ್ ಅಕಾಮಡೇಷನ್’, ಎಂದರೆ ಸಮಂಜಸ ಹೊಂದಾಣಿಕೆ ಕೇಳಬಹುದು: ತೆರೆಯನ್ನು ಓದಿ ಹೇಳುವ ತಂತ್ರಾಂಶ, ಚಿಕಿತ್ಸೆಗೆ ಹೋಗಲು ಬದಲಾದ ವೇಳಾಪಟ್ಟಿ, ಗದ್ದಲ ಕಡಿಮೆಯಿರುವ ಜಾಗ. ಯಾವ ಮಂತ್ರಾಕ್ಷರವೂ ಬೇಕಿಲ್ಲ. ಆರೋಗ್ಯದ ಕಾರಣದಿಂದ ಈ ಬದಲಾವಣೆ ಬೇಕೆಂದು ತಿಳಿಸಿದರೆ ಸಾಕು, ಅಲ್ಲಿಂದ ಮುಂದೆ ಇಬ್ಬರೂ ಕುಳಿತು ಮಾತಾಡಬೇಕು. ಸಂಸ್ಥೆಗೆ ಮಿತಿಮೀರಿದ ಹೊರೆಯಾಗುವುದನ್ನು ಕೊಡಬೇಕಿಲ್ಲ. ಹುದ್ದೆಯ ಮೂಲಭೂತ ಕೆಲಸವನ್ನೇ ಮನ್ನಾ ಮಾಡಬೇಕಿಲ್ಲ. ವೈದ್ಯಕೀಯ ವಿವರಗಳನ್ನು ಗೋಪ್ಯವಾಗಿ, ಬೇರೆ ಕಡತದಲ್ಲಿಡಬೇಕು. ಖಿನ್ನತೆಯಂಥ ಮಾನಸಿಕ ಕಾಯಿಲೆಗಳೂ ಇದರಡಿ ಬರುತ್ತವೆ. ವೀಸಾ ಎಲ್ಲಿ ಕೈತಪ್ಪುತ್ತದೋ ಎಂಬ ಭಯದಲ್ಲಿ ಅದನ್ನು ಬಚ್ಚಿಟ್ಟು ಕೊರಗುವ ನಮ್ಮ ಎಂಜಿನಿಯರುಗಳಿಗೆ ಇದು ತಿಳಿದಿರಲಿ ಎಂದು ನಾನು ಮನಸಾರೆ ಬಯಸುತ್ತೇನೆ. ಹೊಂದಾಣಿಕೆ ಕೇಳಿದ್ದಕ್ಕೆ ಸೇಡು ತೀರಿಸಿಕೊಳ್ಳುವುದೂ ಕಾನೂನುಬಾಹಿರ.

ಮನೆಗೆ ಸಂಬಂಧಿಸಿದ್ದು 1988ರಲ್ಲಿ ತಿದ್ದುಪಡಿಯಾದ ವಸತಿ ಕಾಯ್ದೆ. ಸಾಕುಪ್ರಾಣಿ ನಿಷೇಧವಿರುವ ಕಟ್ಟಡದಲ್ಲೂ ಅಂಧರ ಸಹಾಯಕ ನಾಯಿಗೆ ಅವಕಾಶ ಕೊಡಬೇಕು. ಸ್ನಾನದ ಮನೆಗೆ ಹಿಡಿಕೆ ಹಾಕಿಸಿಕೊಳ್ಳಲು ಮಾಲೀಕ ಬಿಡಬೇಕು, ಖಾಸಗಿ ಮನೆಯಾದರೆ ಅದರ ಖರ್ಚು ಸಾಮಾನ್ಯವಾಗಿ ಬಾಡಿಗೆದಾರರದು. ವಿಮಾನಗಳಿಗೆ 504 ಅನ್ವಯಿಸುವುದಿಲ್ಲವೆಂದು 1986ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದರಿಂದ ಅದೇ ವರ್ಷ ವಿಮಾನಯಾನಕ್ಕೆ ಪ್ರತ್ಯೇಕ ಕಾಯ್ದೆ ಬಂತು. ಅಮೆರಿಕಕ್ಕೆ ಬಂದಿಳಿಯುವ ಅಥವಾ ಅಲ್ಲಿಂದ ಹೊರಡುವ ವಿದೇಶಿ ವಿಮಾನಗಳಿಗೂ ಅದರ ನಿಯಮಗಳು 2009ರಿಂದ ಅನ್ವಯಿಸುತ್ತವೆ. ಮೊಮ್ಮಗುವಿನ ಬಾಣಂತನಕ್ಕೆಂದು ಹೊರಟ ಅಜ್ಜಿ ಕೇಳುವ ಗಾಲಿಕುರ್ಚಿ ಸೇವೆಗೆ ಶುಲ್ಕ ವಿಧಿಸುವಂತಿಲ್ಲ. ಅವರ ಸ್ವಂತ ಗಾಲಿಕುರ್ಚಿಯನ್ನು ಲಗೇಜಿನ ಲೆಕ್ಕಕ್ಕೆ ಹಿಡಿಯುವಂತಿಲ್ಲ.

ಎಲ್ಲಿ ದೂರಬೇಕು, ಯಾವಾಗ

ಬಾಗಿಲು ಬದಲಾದಂತೆ ದೂರಿನ ಕಚೇರಿಯೂ ಗಡುವೂ ಬದಲಾಗುತ್ತವೆ. ಉದ್ಯೋಗದ ದೂರು ಸಮಾನ ಉದ್ಯೋಗಾವಕಾಶ ಆಯೋಗಕ್ಕೆ, 180 ದಿನಗಳಲ್ಲಿ. ರಾಜ್ಯದಲ್ಲೂ ಅಂಥದ್ದೇ ಕಾನೂನು, ಸಂಸ್ಥೆ ಇದ್ದರೆ 300 ದಿನ. ವಸತಿಯದು ವಸತಿ ಇಲಾಖೆಗೆ, 1 ವರ್ಷದೊಳಗೆ. ಶಾಲೆಯಲ್ಲಿನ ತಾರತಮ್ಯದ್ದು ಶಿಕ್ಷಣ ಇಲಾಖೆಯ ನಾಗರಿಕ ಹಕ್ಕುಗಳ ಕಚೇರಿಗೆ, 180 ದಿನಗಳಲ್ಲಿ. ವಿಮಾನದ್ದು ಸಾರಿಗೆ ಇಲಾಖೆಗೆ. ಅಂಗಡಿ, ಹೋಟೆಲುಗಳ ಮೇಲೆ ನೇರವಾಗಿ ದಾವೆ ಹೂಡಬಹುದಾದರೂ ಎಡಿಎ ಅಡಿಯಲ್ಲಿ ಸಿಗುವುದು ತಪ್ಪನ್ನು ಸರಿಪಡಿಸುವ ಆದೇಶ ಮತ್ತು ವಕೀಲರ ವೆಚ್ಚ, ನಷ್ಟ ಪರಿಹಾರವಲ್ಲ. ಕ್ಯಾಲಿಫೋರ್ನಿಯಾದಂಥ ರಾಜ್ಯಗಳ ಕಾನೂನು ಅದನ್ನೂ ಕೊಡುತ್ತದೆ.

ಒಂದೇ ಬಾಗಿಲಿಗೆ ಎರಡು ಮೂರು ಕಾಯ್ದೆಗಳು ಒಟ್ಟಿಗೆ ಅನ್ವಯಿಸುವುದೂ ಉಂಟು. ತೀವ್ರ ಮೂರ್ಛೆರೋಗದ ಒಬ್ಬ ಹುಡುಗಿಗೆ ಬೆಳಗ್ಗೆಯೆಲ್ಲ ಸೆಳವು; ಮಧ್ಯಾಹ್ನ 12ರಿಂದ ಸಂಜೆ 6ರವರೆಗೆ ಮಾತ್ರ ಅವಳು ಕಲಿಯಬಲ್ಲಳು. ಕೆಂಟಕಿಯಲ್ಲಿದ್ದಾಗ ಶಾಲೆ ಅವಳಿಗೆ ಸಂಜೆ ಪಾಠ ಹೇಳುತ್ತಿತ್ತು. ಕುಟುಂಬ ಮಿನೆಸೋಟಾಕ್ಕೆ ಬಂದ ಮೇಲೆ ಹೊಸ ಶಾಲೆ ಅದನ್ನು ಒಪ್ಪಲಿಲ್ಲ. ಉಳಿದ ಮಕ್ಕಳಿಗೆ ದಿನಕ್ಕೆ ಆರೂವರೆ ಗಂಟೆ, ಅವಳಿಗೆ ನಾಲ್ಕೂಕಾಲು. ಐಡಿಇಎ ಅಡಿಯಲ್ಲಿ ಪೋಷಕರು ಗೆದ್ದರು, ಸಂಜೆಯ ಪಾಠ ಸಿಕ್ಕಿತು. ಕಳೆದುಹೋದ ವರ್ಷಗಳಿಗಾಗಿ ಎಡಿಎ ಮತ್ತು 504ರ ಅಡಿಯಲ್ಲಿ ಪರಿಹಾರ ಕೇಳಿದಾಗ, ಶಾಲೆಗೆ ದುರುದ್ದೇಶವೋ ಘೋರ ಅವಿವೇಕವೋ ಇತ್ತೆಂದು ತೋರಿಸಬೇಕೆಂದು ಕೆಳಗಿನ ನ್ಯಾಯಾಲಯಗಳು ತಿರುಗಿಸಿ ಕಳಿಸಿದವು. ಉಳಿದ ಅಂಗವಿಕಲರಿಂದ ಕೇಳದ ಪುರಾವೆಯನ್ನು ಶಾಲೆಯ ಮಕ್ಕಳಿಂದ ಮಾತ್ರ ಕೇಳುವಂತಿಲ್ಲವೆಂದು ಸುಪ್ರೀಂ ಕೋರ್ಟ್ 2025ರ ಜೂನ್‌ನಲ್ಲಿ ಸರ್ವಾನುಮತದಿಂದ ತೀರ್ಪು ಕೊಟ್ಟು, ಪ್ರಕರಣವನ್ನು ಮರುವಿಚಾರಣೆಗೆ ಕಳಿಸಿತು. ಆ ಹೊತ್ತಿಗೆ ಅವಳು ಮಿನೆಸೋಟಾಕ್ಕೆ ಬಂದು ಸುಮಾರು ಹತ್ತು ವರ್ಷಗಳಾಗಿದ್ದವು.